16 ವರ್ಷದ ಮಗ ದೇವರಿಗೆ ಕೈ ಮುಗಿಯಲ್ಲ ಅಂತಾನೆ, ಏನು ಮಾಡಲಿ?

ಪ್ರಶ್ನೆ: ನಮ್ಮದು ಮೂಡಿಗೆರೆ ತಾಲ್ಲೂಕಿನ ಒಂದು ಹಳ್ಳಿ. ಸಣ್ಣ ಕಾಫಿ ತೋಟ ಇದೆ. ಮಗನಿಗೆ 16 ವರ್ಷ, ಫಸ್ಟ್ ಪಿಯುಸಿ. ಮೊದಲು ಮನೆ ತುಂಬ ಮಾತಾಡುತ್ತಿದ್ದ ಹುಡುಗ. ಹೋದ ವರ್ಷ ನಮ್ಮ ಮಾವನವರು ತೀರಿಕೊಂಡರು. ತಾತ ಅಂದರೆ ಅವನಿಗೆ ಪ್ರಾಣ. ಆದರೂ ಅವತ್ತು ಅವನು ಅಳಲಿಲ್ಲ, ಚಟ್ಟಕ್ಕೆ ಹೆಗಲು ಕೊಟ್ಟ. ಅಲ್ಲಿಂದ ಈಚೆಗೆ ಮಾತು ಕಡಿಮೆ. ಸಂಜೆ ಹೊತ್ತು ತೋಟದ ಮೇಲಿನ ಬಂಡೆ ಹತ್ತಿರ ಒಬ್ಬನೇ ಕೂತಿರುತ್ತಾನೆ. ರಾತ್ರಿ ಒಂದು ಗಂಟೆವರೆಗೂ ಮೊಬೈಲಿನಲ್ಲಿ ಯಾರ್ಯಾರದೋ ಪ್ರವಚನ ಕೇಳುತ್ತಾನೆ. ದೇವರಿಲ್ಲ ಅನ್ನುವವರ ಭಾಷಣವನ್ನೂ ಕೇಳುತ್ತಾನೆ. ಮನೆದೇವರ ಹಬ್ಬಕ್ಕೆ ಬರಲಿಲ್ಲ. ಯಾಕೆ ಅಂತ ಕೇಳಿದ್ದಕ್ಕೆ, ‘ಇದ್ದಾನೋ ಇಲ್ವೋ ಗೊತ್ತಿಲ್ದೆ ಹೆಂಗಮ್ಮ ಕೈ ಮುಗೀಲಿ?’ ಅಂದ. ಮೊಬೈಲ್ ಕಿತ್ತಿಟ್ಟರೆ ಎಲ್ಲಾ ಸರಿಹೋಗುತ್ತೆ ಅಂತ ನಮ್ಮ ಯಜಮಾನರು ಹೇಳುತ್ತಾರೆ. ಅಯ್ಯಪ್ಪ ಮಾಲೆ ಹಾಕಿಸೋಣ ಅಂತ ನನ್ನ ತಮ್ಮ. ನನಗೆ ಇವನು ಮನೆ ಬಿಟ್ಟು ಹೋಗುತ್ತಾನೇನೋ, ಇಲ್ಲ ಮನಸ್ಸಿಗೆ ಏನಾದರೂ ಕಾಯಿಲೆಯೋ ಅನ್ನುವ ಭಯ. ಮುಂದಿನ ತಿಂಗಳು ಮಾವನವರ ವರ್ಷದ ಕಾರ್ಯ ಇದೆ. ಅವನನ್ನು ಕೂರಿಸಬೇಕೋ ಬೇಡವೋ ತಿಳಿಯುತ್ತಿಲ್ಲ.

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಮಗನ ಆ ಒಂದು ಮಾತು. ಗೊತ್ತಿಲ್ಲದೆ ಹೇಗೆ ಕೈ ಮುಗಿಯಲಿ ಎಂದು ಕೇಳುವ ಹುಡುಗ ದೇವರನ್ನು ಹಗುರವಾಗಿ ತಗೊಂಡಿಲ್ಲ. ಹಗುರವಾಗಿ ತಗೊಂಡಿದ್ದರೆ ಸುಮ್ನೆ ಬಂದು ಕೈ ಮುಗಿದು, ಪ್ರಸಾದ ತಿಂದು, ಮೂಲೆಯಲ್ಲಿ ಮೊಬೈಲ್ ನೋಡುತ್ತಾ ಕೂರುತ್ತಿದ್ದ. ಅವನ ಓರಗೆಯ ಎಷ್ಟೋ ಹುಡುಗರು ಹಾಗೇ ಮಾಡುತ್ತಾರೆ. ಅವರ ಬಗ್ಗೆ ಯಾವ ತಾಯಿಯೂ ನನಗೆ ಪತ್ರ ಬರೆಯುವುದಿಲ್ಲ. ನಿಮ್ಮ ಮಗನಿಗೆ ಒಳಗೊಂದು ಹೊರಗೊಂದು ಇರಲು ಆಗುತ್ತಿಲ್ಲ. ಅವನ ಪ್ರಶ್ನೆಯನ್ನು ನಿಜವಾದ ಪ್ರಶ್ನೆ ಎಂದೇ ತಗೊಳ್ಳಿ. ನಾನು ಹೇಳಬೇಕಾದ್ದರಲ್ಲಿ ಇದೇ ದೊಡ್ಡದು. ಅದನ್ನು ಉದ್ಧಟತನ ಅಂದುಕೊಂಡರೆ ಅವನು ಜಗಳಕ್ಕೆ ನಿಲ್ಲುತ್ತಾನೆ. ಕಾಯಿಲೆ ಅಂದುಕೊಂಡರೆ ಬಾಯಿ ಮುಚ್ಚುತ್ತಾನೆ. ಎರಡರಲ್ಲೂ ಮುಂದಿನ ಪ್ರಶ್ನೆ ನಿಮ್ಮ ಹತ್ತಿರ ಬರುವುದಿಲ್ಲ.

ಇನ್ನೊಂದು ವಿಷಯ ನಿಮ್ಮ ಗಮನಕ್ಕೆ ಬಂದಿರಲಿಕ್ಕಿಲ್ಲ. ಆ ಮಾತನ್ನು ಅವನು ನಿಮ್ಮ ಹತ್ತಿರ ಹೇಳಿದ್ದಾನೆ. ಹಾಸನದಲ್ಲಿ ಆಪ್ತಸಮಾಲೋಚಕನಾಗಿ ಈ ವಯಸ್ಸಿನ ಹುಡುಗರ ಜೊತೆ ಕೂರುವವನು ನಾನು. ಇಂಥ ಮಾತು ಒಬ್ಬ ಹುಡುಗನ ಬಾಯಿಂದ ಬರಲು ಎಷ್ಟು ಕಷ್ಟ ಅಂತ ನನಗೆ ಗೊತ್ತು. ‘ಹೆಂಗಮ್ಮ’ ಅಂತ ಕೇಳಿದ್ದಾನಲ್ಲ, ಅಲ್ಲಿ ಬಾಗಿಲು ಇನ್ನೂ ತೆರೆದಿದೆ.

ಈ ವಯಸ್ಸಿನಲ್ಲಿ ತಲೆಯೊಳಗೆ ಏನು ನಡೆಯುತ್ತದೆ ಅನ್ನುವುದನ್ನು ಸ್ವಲ್ಪ ಹೇಳುತ್ತೇನೆ. ಏಳೆಂಟು ವರ್ಷದ ಮಗುವಿಗೆ ‘ತಾತ ದೇವರ ಹತ್ತಿರ ಹೋದರು’ ಅಂದರೆ ಸಾಕು. ಅದು ಒಂದು ಊರಿಗೆ ಹೋದ ಹಾಗೆ ಅದನ್ನು ನಂಬುತ್ತದೆ. ಹನ್ನೆರಡು ಹದಿಮೂರರ ನಂತರ ಕಣ್ಣಿಗೆ ಕಾಣದ್ದರ ಬಗ್ಗೆ ಯೋಚಿಸುವ ಶಕ್ತಿ ಬರುತ್ತದೆ. ನ್ಯಾಯ ಅಂದರೇನು, ಸತ್ತ ಮೇಲೆ ಏನು, ನಾನು ಈ ಮನೆಯಲ್ಲೇ ಯಾಕೆ ಹುಟ್ಟಿದೆ, ನಾನು ಅನ್ನೋನು ಯಾರು ಎಂಬ ಪ್ರಶ್ನೆಗಳು ತಾವಾಗೇ ಏಳುತ್ತವೆ. ಆದರೆ ಮೆದುಳಿನ ಎಲ್ಲ ಭಾಗಗಳೂ ಒಟ್ಟಿಗೆ ಬೆಳೆಯುವುದಿಲ್ಲ. ಭಾವನೆ ಉಕ್ಕಿಸುವ ಒಳಭಾಗ ಬೇಗ ಚುರುಕಾಗುತ್ತದೆ. ಅದನ್ನು ತಡೆದು ತೂಗುವ ಮುಂಭಾಗ ಪೂರ್ತಿ ಮಾಗಲು 25ರ ಆಸುಪಾಸು ಬೇಕು. ಹಾಗಾಗಿ ಈ ಹುಡುಗರಿಗೆ ದೊಡ್ಡವರ ಪ್ರಶ್ನೆಗಳು ಬಂದುಬಿಡುತ್ತವೆ, ಅವುಗಳ ಜೊತೆ ಬರುವ ಭಯವನ್ನು ಹೊರುವ ಅಭ್ಯಾಸ ಇನ್ನೂ ಆಗಿರುವುದಿಲ್ಲ. ನಿದ್ದೆಯೂ ಅಷ್ಟೇ. ನಿದ್ದೆ ತರುವ ಮೆಲಟೋನಿನ್ ಈ ವಯಸ್ಸಿನಲ್ಲಿ ರಾತ್ರಿ ತಡವಾಗಿ ಸ್ರವಿಸುತ್ತದೆ. ಹನ್ನೊಂದಕ್ಕೂ ಕಣ್ಣು ಎಳೆಯದೇ ಇರುವುದು ಸೋಮಾರಿತನ ಅಲ್ಲ. ಆದರೆ ಅವನ ದೇಹಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಒಂದು ಗಂಟೆಗೆ ಮಲಗಿ ಬೆಳಗ್ಗೆ ಬಸ್ಸಿಗೆ ಓಡುವ ಹುಡುಗನಿಗೆ ಅಷ್ಟು ಸಿಗಲಿಕ್ಕಿಲ್ಲ. ನಿದ್ದೆಗೆಟ್ಟ ತಲೆಗೆ ಎಲ್ಲ ಪ್ರಶ್ನೆಯೂ ಇನ್ನಷ್ಟು ಕಪ್ಪಾಗಿ ಕಾಣುತ್ತದೆ.

ಅಪ್ಪ ಅಮ್ಮ ಕೊಟ್ಟ ನಂಬಿಕೆ ಒಂದು ದಿನ ತನ್ನದಾಗಬೇಕು. ನಡುವೆ ಅದು ಯಾರದ್ದೂ ಅಲ್ಲದ ಕಾಲ ಒಂದು ಇರುತ್ತದೆ. ನಿಮ್ಮ ಮಗ ಈಗ ಅಲ್ಲಿದ್ದಾನೆ. ಇದು ಹಿಂದೂ ಮನೆಯ ಹುಡುಗರಿಗಷ್ಟೇ ಬರುವುದಲ್ಲ. ಮೊದಲ ಸಲ ಇಡೀ ರಂಜಾನ್ ಉಪವಾಸ ಹಿಡಿದು, ನಮಾಜಿನ ನಡುವೆಯೇ ‘ನಾನಿದನ್ನು ಯಾರಿಗಾಗಿ ಮಾಡ್ತಿದ್ದೀನಿ’ ಎಂದು ತಡೆದು ನಿಂತ ಹುಡುಗನನ್ನು ನೋಡಿದ್ದೇನೆ. ಭಾನುವಾರದ ಪೂಜೆಗೆ ಹೋಗಲು ಒಲ್ಲೆ ಎಂದ ಸಕಲೇಶಪುರ ಕಡೆಯ ಕ್ರೈಸ್ತ ಹುಡುಗನನ್ನೂ ನೋಡಿದ್ದೇನೆ. ಕೆಲವರು ಮರಳಿ ಬರುತ್ತಾರೆ, ಕೆಲವರು ಬೇರೆ ದಾರಿ ಹಿಡಿಯುತ್ತಾರೆ, ಕೆಲವರು ದೇವರಿಲ್ಲ ಎಂದೇ ನೆಮ್ಮದಿಯಾಗಿ, ಒಳ್ಳೆಯವರಾಗಿ ಬಾಳುತ್ತಾರೆ. ನಿಮ್ಮ ಮಗ ಎಲ್ಲಿ ತಲುಪುತ್ತಾನೆ ಅಂತ ನಾನು ಹೇಳಲಾರೆ. ಅವನು ಒಂಟಿಯಾಗಿ ಹೋಗುತ್ತಾನೋ, ಮನೆಯವರನ್ನು ಜೊತೆಗಿಟ್ಟುಕೊಂಡು ಹೋಗುತ್ತಾನೋ ಅನ್ನುವುದು ಮಾತ್ರ ನಿಮ್ಮ ಕೈಯಲ್ಲಿದೆ.

ಹಾಗಾದರೆ ಅವನಿಗೆ ಏನು ಹೇಳಬೇಕು? ನಿಮಗೆ ಅನ್ನಿಸಿದ್ದನ್ನೇ ಹೇಳಿ. ‘ನಂಗೂ ಪೂರ್ತಿ ಗೊತ್ತಿಲ್ಲ ಕಣೋ. ದೀಪ ಹಚ್ಚಿದಾಗ ನಂಗೆ ಸಮಾಧಾನ ಆಗುತ್ತೆ, ಅದಕ್ಕೆ ಹಚ್ತೀನಿ’ ಅಂತ ನೀವು ಹೇಳಿದರೆ ಅದು ಅವನಿಗೆ ನೂರು ಪ್ರವಚನಕ್ಕಿಂತ ಹತ್ತಿರವಾಗುತ್ತದೆ. ವಾದಕ್ಕೆ ಕೂರಬೇಡಿ. ನಿಮ್ಮ ಪೂಜೆ ನೀವು ಬಿಡಬೇಡಿ, ಅವನನ್ನು ಕರೆಯುವುದನ್ನೂ ಬಿಡಬೇಡಿ. ಒಂದು ಸಲ ಕರೆಯಿರಿ. ಬರಲ್ಲ ಅಂದರೆ ಮುಖ ಸಣ್ಣ ಮಾಡಿಕೊಳ್ಳದೆ ಪ್ರಸಾದ ತಂದು ಕೊಡಿ.

ಇನ್ನು ಆ ಬಂಡೆಯ ವಿಷಯ. ನಿಮಗೆ ಅದು ಭಯ ಹುಟ್ಟಿಸಿದೆ. ನನಗೆ ಅದು ಪತ್ರದ ಒಳ್ಳೆಯ ಸುದ್ದಿಗಳಲ್ಲಿ ಒಂದು. ಹುಡುಗರ ಒಳಬದುಕು ಬಹಳ ಸಲ ದೇವರ ಕೋಣೆಯ ಹೊರಗೇ ನಡೆಯುತ್ತದೆ. ಹೊಳೆಯಲ್ಲಿ ಈಜುವಾಗ, ನಾಯಿಯ ಜೊತೆ ತೋಟ ಸುತ್ತುವಾಗ, ಕಬಡ್ಡಿ ಆಡಿ ಸುಸ್ತಾಗಿ ಮೈದಾನದಲ್ಲಿ ಅಂಗಾತ ಮಲಗಿದಾಗ. 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿಗೆ ವಾರಕ್ಕೊಮ್ಮೆ ಹತ್ತುತ್ತಿದ್ದ ಹುಡುಗನೊಬ್ಬನನ್ನು ‘ಅಲ್ಲಿ ಏನು ಮಾಡ್ತೀಯ’ ಅಂತ ಕೇಳಿದ್ದೆ. ‘ಏನೂ ಇಲ್ಲ ಸಾರ್. ಮಂಜು ಬಂದಾಗ ನಾನು ಚಿಕ್ಕವನಾಗ್ತೀನಿ. ಖುಷಿಯಾಗುತ್ತೆ’ ಎಂದ. ಇಡೀ ವಾರ ಮಾರ್ಕ್ಸು, ರ‍್ಯಾಂಕು, ನೀಟು, ಸಿಇಟಿ ಎಂದು ದೊಡ್ಡವನಾಗು ದೊಡ್ಡವನಾಗು ಅನ್ನಿಸಿಕೊಳ್ಳುವ ಹುಡುಗನಿಗೆ ಚಿಕ್ಕವನಾಗಲು ಒಂದು ಜಾಗ ಬೇಡವೇ? ನಿಮ್ಮ ಮಗ ಬಂಡೆಯ ಹತ್ತಿರ ಕೂತು ಬಂದು ಊಟ ಮಾಡುತ್ತಾನಾ, ತಂಗಿಯನ್ನೋ ನಾಯಿಯನ್ನೋ ಮಾತಾಡಿಸುತ್ತಾನಾ, ಮುಖ ಸ್ವಲ್ಪ ಹಗುರಾಗಿರುತ್ತಾ, ನೋಡಿ. ಹೌದಾದರೆ ಆ ಬಂಡೆ ಅವನಿಗಿರಲಿ. ಹಿಂದೆ ಹೋಗಿ ಕಾವಲು ಕಾಯಬೇಡಿ.

ಆದರೆ ಅವನ ಮೌನದಲ್ಲಿ ಇನ್ನೊಂದು ಪಾಲು ಇದೆ ಅಂತ ನನಗನ್ನಿಸುತ್ತದೆ. ಅದು ದುಃಖದ್ದು. ಅವನು ತಾತನಿಗೆ ಹೆಗಲು ಕೊಟ್ಟ, ಅಳಲಿಲ್ಲ ಎಂದು ಬರೆದಿದ್ದೀರಿ. ಅವತ್ತು ಯಾರೋ ಅವನ ಬೆನ್ನು ತಟ್ಟಿ ‘ಗಟ್ಟಿ ಹುಡುಗ’ ಅಂದಿರಬಹುದು. ನಮ್ಮ ಕಡೆ ಗಂಡು ಹುಡುಗರಿಗೆ ಹೇಳುವ ಸಮಾಧಾನ ಅದೊಂದೇ. ಧ್ವನಿ ಒಡೆದ ಕೂಡಲೇ ಗಂಡಸಾದ ಅನ್ನುತ್ತೇವೆ. ಆಮೇಲೆ ಅವನ ತಲೆ ಸವರುವವರೇ ಇರುವುದಿಲ್ಲ. ಹನ್ನೆರಡರಲ್ಲಿ ಗೆಳೆಯನ ಹೆಗಲ ಮೇಲೆ ಕೈ ಹಾಕಿಕೊಂಡು ನಡೆದವನು ಹದಿನಾರರಲ್ಲಿ ಆ ಕೈ ತೆಗೆದಿರುತ್ತಾನೆ. ಹತ್ತನೇ ಕ್ಲಾಸು ಮುಗಿದ ಮೇಲೆ ಗೆಳೆಯರೂ ಚದುರುತ್ತಾರೆ. ಒಬ್ಬ ಮೂಡುಬಿದಿರೆಯ ಹಾಸ್ಟೆಲಿಗೆ, ಇನ್ನೊಬ್ಬ ಹಾಸನಕ್ಕೆ ಡಿಪ್ಲೊಮಾ ಓದಲು, ಮತ್ತೊಬ್ಬ ಅಪ್ಪನ ಜೊತೆ ತೋಟಕ್ಕೆ. ತಾತ ಹೋದ ವರ್ಷದಲ್ಲೇ ಅವನ ಗೆಳೆಯರೂ ದೂರ ಆಗಿರುವ ಸಾಧ್ಯತೆ ಇದೆ. ಕೋಪ ಬಂದರೆ ಹುಡುಗ ಬಾಗಿಲು ಬಡಿಯಬಹುದು, ಯಾರೂ ಏನೂ ಅನ್ನುವುದಿಲ್ಲ. ದುಃಖ ಬಂದರೆ ಎಲ್ಲಿಗೆ ಹೋಗಬೇಕು? ದೇವರ ಬಗ್ಗೆ ಅವನು ಕೇಳುತ್ತಿರುವ ಪ್ರಶ್ನೆಯ ಒಳಗೆ ‘ತಾತ ಎಲ್ಲಿ?’ ಅನ್ನುವ ಪ್ರಶ್ನೆ ಇದೆ. ಅದಕ್ಕೆ ತರ್ಕದಿಂದ ಉತ್ತರ ಕೊಡಲು ಹೋಗಬೇಡಿ. ತಾತನ ಬಗ್ಗೆ ಮನೆಯಲ್ಲಿ ಮಾತು ಶುರುವಾಗಲಿ. ಅವರ ಕೋಪ, ಅವರು ಕಾಫಿ ಕುಡಿಯುತ್ತಿದ್ದ ಲೋಟ, ಅವರು ನೆಟ್ಟ ಹಲಸಿನ ಮರ, ಯಾವುದಾದರೂ ಸರಿ. ತೀರಿಕೊಂಡವರ ಹೆಸರು ಎತ್ತಿದರೆ ಮಗುವಿಗೆ ನೋವಾಗುತ್ತೆ ಅಂತ ನಾವು ಸುಮ್ಮನಿರುತ್ತೇವೆ. ಎಲ್ಲರೂ ಮರೆತರು ಅಂತ ಮಗು ಅಂದುಕೊಳ್ಳುತ್ತದೆ.

ಇಲ್ಲಿ ನಿಮ್ಮ ಯಜಮಾನರ ಕೆಲಸ ಬಹಳ ದೊಡ್ಡದು. ಮೊಬೈಲ್ ಕಿತ್ತಿಡುವುದಕ್ಕಿಂತ ಕಷ್ಟದ ಕೆಲಸವೂ ಹೌದು. ತೀರಿಕೊಂಡದ್ದು ಅವರ ಅಪ್ಪ. ಅವರು ಅತ್ತದ್ದನ್ನು ಮಗ ನೋಡಿದ್ದಾನಾ? ಒಂದು ಸಲವಾದರೂ ‘ಅಪ್ಪ ಇಲ್ದೆ ಕಷ್ಟ ಆಗ್ತಿದೆ’ ಅಂದದ್ದು ಕೇಳಿದ್ದಾನಾ? ಹುಡುಗರು ದುಃಖಪಡುವುದನ್ನು ಅಪ್ಪನನ್ನು ನೋಡಿ ಕಲಿಯುತ್ತಾರೆ. ಅಪ್ಪ ನುಂಗಿಕೊಂಡರೆ ಮಗನೂ ನುಂಗಿಕೊಳ್ಳುತ್ತಾನೆ. ಎದುರು ಕೂರಿಸಿಕೊಂಡು ‘ಏನಾಗಿದೆ ನಿಂಗೆ, ಹೇಳು’ ಅಂದರೆ ಈ ವಯಸ್ಸಿನವರು ಹೇಳುವುದಿಲ್ಲ. ಕೈಗೆ ಕೆಲಸ ಇದ್ದು, ಕಣ್ಣು ಬೇರೆಡೆ ಇದ್ದಾಗ ಹೇಳುತ್ತಾರೆ. ಈಗ ಹೇಗೂ ಅರೇಬಿಕಾ ಹಣ್ಣಾಗುವ ಕಾಲ. ಭಾನುವಾರ ಕಣದಲ್ಲಿ ಕಾಫಿ ಹರಡುವಾಗ, ಕೈಯಾಡಿಸುವಾಗ ಅಪ್ಪ ಮಗ ಜೊತೆಗಿರಲಿ. ‘ಅಪ್ಪ ಇಲ್ದೆ ಈ ಸಲ ಕುಯ್ಲು ಒಂಥರಾ ಅನ್ಸುತ್ತೆ ಕಣೋ’ ಅಂತ ಅವರು ಒಂದು ಮಾತು ಹೇಳಿ ಸುಮ್ಮನಾಗಲಿ. ಮಗ ಉತ್ತರ ಕೊಡದಿದ್ದರೂ ಆಯಿತು. ಬುದ್ಧಿವಾದ ಮಾತ್ರ ಬೇಡ. ಎರಡು ವಾರವೋ ಎರಡು ತಿಂಗಳೋ, ಒಂದು ದಿನ ಅವನ ಮಾತು ಬರುತ್ತದೆ.

ನಮ್ಮ ಜಿಲ್ಲೆಯ ಶಾಲೆಗಳು ಮಕ್ಕಳನ್ನು ಶ್ರವಣಬೆಳಗೊಳಕ್ಕೆ ಪ್ರವಾಸ ಕರೆದೊಯ್ಯುತ್ತವೆ. ಬಾಹುಬಲಿ ಮೂರ್ತಿ 58 ಅಡಿ ಎತ್ತರ, ಚಾವುಂಡರಾಯ ಕೆತ್ತಿಸಿದ್ದು, 981ನೇ ಇಸವಿ ಎಂದು ಮಕ್ಕಳು ಬರೆದುಕೊಂಡು ಬರುತ್ತಾರೆ. ಆ ಕಥೆ ಗಂಡು ಹುಡುಗರಿಗೆ ಏನು ಹೇಳುತ್ತದೆ ಅಂತ ಯಾರೂ ಮಾತಾಡುವುದಿಲ್ಲ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲೂ ಅಣ್ಣ ಭರತನನ್ನು ಸೋಲಿಸಿದ ಬಾಹುಬಲಿ, ಗೆದ್ದ ಗಳಿಗೆಯಲ್ಲೇ ಎಲ್ಲ ಬಿಟ್ಟು ನಿಂತ. ಬಳ್ಳಿ ಮೈಗೆ ಹಬ್ಬಿತು, ಹುತ್ತ ಬೆಳೆಯಿತು. ವರ್ಷ ಕಳೆದರೂ ಜ್ಞಾನ ಬರಲಿಲ್ಲ. ಅಣ್ಣನ ನೆಲದ ಮೇಲೆ ನಿಂತಿದ್ದೇನೆ ಅನ್ನುವ ಮುಳ್ಳು ಒಳಗೆ ಉಳಿದಿತ್ತಂತೆ. ಕಡೆಗೆ ಭರತನೇ ಬಂದು ನಮಸ್ಕರಿಸಿದ ಮೇಲೆ ಅದು ಕರಗಿತು ಎಂದು ನಮ್ಮಲ್ಲಿ ಹೇಳುವ ಕಥೆ. ಅಷ್ಟು ದೊಡ್ಡ ಮೌನದ ಒಳಗೂ ಮನೆಯವರ ಜೊತೆಗಿನ ಒಂದು ಗಂಟು ಇತ್ತು. ಅದು ಬಿಡಿಸಿಕೊಂಡಿದ್ದು ದೊಡ್ಡವನು ತಾನಾಗಿ ನಡೆದು ಬಂದಾಗ. ನಿಮ್ಮ ಯಜಮಾನರಿಗೆ ನಾನು ಹೇಳುವುದೂ ಇಷ್ಟೇ. ಮಗ ಬರಲಿ ಅಂತ ಕಾಯಬೇಡಿ, ನೀವೇ ಹೋಗಿ.

ಮನೆ ಬಿಟ್ಟು ಹೋಗುತ್ತಾನಾ ಎಂದು ಕೇಳಿದ್ದೀರಿ. ಪ್ರಶ್ನೆ ಕೇಳುವ ಹುಡುಗರಲ್ಲಿ ಬಹುಪಾಲು ಎಲ್ಲರೂ ಮನೆಯಲ್ಲೇ ಇರುತ್ತಾರೆ, ಪರೀಕ್ಷೆ ಬರೆಯುತ್ತಾರೆ, ಕೆಲಸಕ್ಕೆ ಸೇರುತ್ತಾರೆ. ನಿಮ್ಮ ಮನಸ್ಸಿನಲ್ಲಿ ರಮಣ ಮಹರ್ಷಿಗಳಂಥವರ ಕಥೆ ಓಡುತ್ತಿರಬಹುದು. ಅವರು ಮದುರೆಯಲ್ಲಿ ಸಾವಿನ ಭಯವನ್ನು ಎದುರಿಸಿದ್ದು 1896ರಲ್ಲಿ, ಆಗ ಅವರಿಗೂ 16 ವರ್ಷ. ಅದೇ ವರ್ಷ ತಿರುವಣ್ಣಾಮಲೈಗೆ ಹೊರಟುಹೋದರು. ಆ ಕಥೆಯಲ್ಲಿ ಎರಡು ಸಂಗತಿಗಳನ್ನು ಗಮನಿಸಿ. ಕೆಲವು ವರ್ಷ ಹಿಂದೆ ಅವರ ತಂದೆ ತೀರಿಕೊಂಡಿದ್ದರು. ಮತ್ತೆ, ಪಾಠ ಬದಿಗಿಟ್ಟು ಕಣ್ಣು ಮುಚ್ಚಿ ಕೂತ ತಮ್ಮನಿಗೆ, ಇಂಥವನಿಗೆ ಇದೆಲ್ಲ ಯಾಕೆ ಎಂದು ಅಣ್ಣ ಮೂದಲಿಸಿದ ದಿನವೇ ಅವರು ಹೊರಟದ್ದು. ಮಹರ್ಷಿಗಳ ದಾರಿ ಅವರದ್ದು, ಅದರಿಂದ ನಿಮ್ಮ ಮಗನನ್ನು ಅಳೆಯಲಾಗದು. ಆದರೆ ಮೂದಲಿಕೆ ಈ ವಯಸ್ಸಿನಲ್ಲಿ ಎಷ್ಟು ಆಳಕ್ಕೆ ಇಳಿಯುತ್ತದೆ ಅನ್ನುವುದು ನಮ್ಮ ನಿಮ್ಮ ಮನೆಗಳಲ್ಲೂ ನಿಜ. ‘ಬಂದ ನೋಡು ಸ್ವಾಮೀಜಿ’, ‘ದೊಡ್ಡ ವಿಚಾರವಾದಿ’ ಅಂತ ನೆಂಟರು ತಮಾಷೆ ಮಾಡಿದರೆ ಅಲ್ಲೇ ತಡೆಯಿರಿ. ಮನೆ ಬಿಡದೆಯೂ ಮಕ್ಕಳು ದೂರ ಹೋಗಿಬಿಡುತ್ತಾರೆ.

ಅಯ್ಯಪ್ಪ ಮಾಲೆಯ ಬಗ್ಗೆ ನಿಮ್ಮ ತಮ್ಮ ಹೇಳಿದ್ದನ್ನು ನಾನು ತಳ್ಳಿಹಾಕುವುದಿಲ್ಲ. 41 ದಿನದ ಆ ವ್ರತ ಹುಡುಗರಿಗೆ ಏನು ಕೊಡುತ್ತದೆ ಅಂತ ನೋಡಿದ್ದೇನೆ. ನಸುಕಿನಲ್ಲಿ ತಣ್ಣೀರು ಸ್ನಾನ, ಬರಿಗಾಲು, ಎಲ್ಲರ ಜೊತೆ ಕೂತು ಊಟ, ರಾತ್ರಿ ಭಜನೆ. ಅಪ್ಪ ಅಮ್ಮ ಕೂಡ ಅವನನ್ನು ‘ಸ್ವಾಮಿ’ ಅಂತ ಕರೆಯುತ್ತಾರೆ. ದಿನಾ ಬೈಸಿಕೊಳ್ಳುವ ಹುಡುಗನಿಗೆ ಆ ಗೌರವ ಸಣ್ಣದಲ್ಲ. ಮನೆಯ ಹೊರಗಿನ ಒಬ್ಬ ಹಿರಿಯರು, ಗುರುಸ್ವಾಮಿ, ಅವನ ಮೇಲೆ ಕಣ್ಣಿಟ್ಟಿರುತ್ತಾರೆ. ದೀಪಾವಳಿ ಹೊತ್ತಿಗೆ ಬಿಂಡಿಗ ದೇವೀರಮ್ಮನ ಬೆಟ್ಟವನ್ನು ಕತ್ತಲಲ್ಲಿ ಬರಿಗಾಲಲ್ಲಿ ಹತ್ತುವ ಹುಡುಗರಲ್ಲೂ, ಶಿವರಾತ್ರಿಗೆ ಮೊದಲು ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ನಡೆಯುವವರಲ್ಲೂ ಇದೇ ಕಾಣುತ್ತದೆ. ಮೈ ದಣಿಯಬೇಕು, ಜೊತೆಗೆ ಜನ ಇರಬೇಕು, ಒಬ್ಬ ಹಿರಿಯ ಗಂಡಸಿನ ಆಸರೆ ಇರಬೇಕು. ಹುಡುಗರ ಭಕ್ತಿ ಅರಳುವುದು ಹೆಚ್ಚಾಗಿ ಹೀಗೇ. ಆದರೆ ಒಂದು ಷರತ್ತು. ಅವನು ತಾನೇ ಕೇಳಬೇಕು. ಗೊತ್ತಿಲ್ಲದೆ ಕೈ ಮುಗಿಯಲ್ಲ ಎಂದ ಹುಡುಗನ ಕೊರಳಿಗೆ ಒತ್ತಾಯದಿಂದ ಮಾಲೆ ಹಾಕಿದರೆ ಅವನು 41 ದಿನ ಸುಳ್ಳಾಡಬೇಕಾಗುತ್ತದೆ. ಅವನ ಮರ್ಯಾದೆಗೂ ಅದು ಪೆಟ್ಟು, ಆ ವ್ರತದ ಮರ್ಯಾದೆಗೂ ಪೆಟ್ಟು. ತಮ್ಮನಿಗೆ ಹೇಳಿ, ಮಾವ ಅಳಿಯ ಇಬ್ಬರೇ ಒಂದು ಬೆಳಿಗ್ಗೆ ಯಾವುದಾದರೂ ಗುಡ್ಡ ಹತ್ತಿ ಬರಲಿ. ಸೋದರಮಾವನ ಹತ್ತಿರ ಹುಡುಗರು ಅಪ್ಪನ ಹತ್ತಿರ ಹೇಳದ್ದನ್ನು ಹೇಳುತ್ತಾರೆ.

ಮೊಬೈಲ್ ಕಿತ್ತಿಡಬೇಡಿ. ರಾತ್ರಿ ಹನ್ನೊಂದಕ್ಕೆ ಮನೆಯ ಎಲ್ಲರ ಮೊಬೈಲೂ ಹಾಲಿನಲ್ಲಿ ಚಾರ್ಜಿಗೆ ಬೀಳಲಿ, ಅಪ್ಪನದ್ದೂ ಸೇರಿ. ಅಷ್ಟು ಸಾಕು. ಅವನು ಏನು ಕೇಳುತ್ತಾನೆ ಅಂತ ತಿಳಿಯಬೇಕಾದರೆ ಜೊತೆಗೆ ಕೂತು ಒಂದು ವಿಡಿಯೋ ನೋಡಿ. ‘ಇವರು ಹೇಳಿದ್ದು ನಿಂಗೆ ಸರಿ ಅನ್ಸುತ್ತಾ?’ ಅಂತ ಕೇಳಿ. ಆಸ್ತಿಕರನ್ನೂ ನಾಸ್ತಿಕರನ್ನೂ ಎರಡೂ ಕಡೆ ಕೇಳುತ್ತಿದ್ದಾನೆ ಅನ್ನುವುದು ನನಗೆ ಸಂತೋಷದ ವಿಷಯ.

ಆದರೆ ಒಂದು ಬಗೆಯ ವಿಡಿಯೋಗಳ ಬಗ್ಗೆ ಅವನ ಅಪ್ಪ ಎಚ್ಚರವಾಗಿರಬೇಕು. ಬ್ರಹ್ಮಚರ್ಯದ ಹೆಸರಲ್ಲಿ ಹುಡುಗರನ್ನು ಹೆದರಿಸುವ ವಿಡಿಯೋಗಳು ಈಗ ಜಾಸ್ತಿ. ವೀರ್ಯ ಹೋದರೆ ಶಕ್ತಿ ಹೋಯಿತು, ನೆನಪು ಹೋಯಿತು, ತೇಜಸ್ಸು ಹೋಯಿತು, ದೇವರ ಮುಂದೆ ನಿಲ್ಲಲು ಯೋಗ್ಯತೆ ಹೋಯಿತು ಅಂತ ಹೇಳುತ್ತವೆ. ಮೊದಲು ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ ಬರೆದಿರುತ್ತಿದ್ದದ್ದೇ ಈಗ ಅಂಗೈಗೆ ಬಂದಿದೆ. ‘ಧಾತು ಹೋಗುತ್ತಿದೆ’ ಎಂಬ ಈ ಭಯದಿಂದ ನರಳುವ ಯುವಕರನ್ನು ನಮ್ಮ ದೇಶದ ಮನೋವೈದ್ಯರು ಬಹಳ ಹಿಂದೆಯೇ ಗುರುತಿಸಿದ್ದರು. 1960ರಲ್ಲಿ ಡಾ. ಎನ್.ಎನ್. ವಿಗ್ ಅದಕ್ಕೆ ಧಾತ್ ಸಿಂಡ್ರೋಮ್ ಎಂದು ಹೆಸರಿಟ್ಟರು. ನಿಜ ಸಂಗತಿ ಸರಳವಾಗಿದೆ. ನಿದ್ದೆಯಲ್ಲಿ ಸ್ಖಲನವಾಗುವುದು ಬೆಳೆಯುವ ದೇಹದ ಸಹಜ ಕೆಲಸ. ಅದರಿಂದ ಶಕ್ತಿಯೂ ಕುಂದುವುದಿಲ್ಲ, ನೆನಪೂ ಕುಂದುವುದಿಲ್ಲ. ಸಂಯಮ ಅನ್ನುವುದು ಒಂದು ಆಯ್ಕೆ, ಬೇಕಾದವರು ಗೌರವದಿಂದ ಪಾಲಿಸಲಿ. ಭಯದಿಂದ ಹುಟ್ಟಿದ್ದು ಸಂಯಮ ಅಲ್ಲ. ನಾನು ಅಶುದ್ಧ ಅಂದುಕೊಂಡು ದೇವಸ್ಥಾನದ ಮೆಟ್ಟಿಲು ಹತ್ತದ ಹುಡುಗರಿದ್ದಾರೆ. ಹೊರಗಿನವರಿಗೆ ಅವರು ನಾಸ್ತಿಕರ ಹಾಗೆ ಕಾಣುತ್ತಾರೆ. ಈ ನಾಲ್ಕು ಮಾತನ್ನು ಅಪ್ಪ ಹೇಳಲಿ, ಆಗದಿದ್ದರೆ ನಿಮ್ಮ ಪರಿಚಯದ ಡಾಕ್ಟರ ಬಾಯಿಂದ ಹೇಳಿಸಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಸ್ನೇಹಾ ಕ್ಲಿನಿಕ್ ಇರುತ್ತದೆ, ಅಲ್ಲೂ ಕೇಳಬಹುದು.

ದೇವರಿಂದ ದೂರ ಹೋಗುವ ಹುಡುಗರಲ್ಲಿ ಇನ್ನೊಂದು ಕಾರಣ ಕೆಲವು ಸಲ ಅಡಗಿರುತ್ತದೆ. ಬಹಳ ತಂದೆ ತಾಯಿಗೆ ಇದು ತಿಳಿದಿರುವುದಿಲ್ಲ. ಬೇಲೂರು ಕಡೆಯ ಹುಡುಗನೊಬ್ಬ ಪೂಜೆಗೆ ನಿಂತ ಕೂಡಲೇ ದೇವರನ್ನು ಬೈಯುವ ಅಸಹ್ಯ ಮಾತುಗಳು ತಾವಾಗೇ ತಲೆಯಲ್ಲಿ ಬರುತ್ತವೆ ಎಂದು ಅಳುತ್ತಿದ್ದ. ಎಷ್ಟು ತಡೆದರೂ ಮತ್ತಷ್ಟು ಬರುತ್ತಿದ್ದವು. ಮನಸ್ಸಿನಲ್ಲೇ ತಪ್ಪಾಯಿತು ತಪ್ಪಾಯಿತು ಅಂತ ಎಣಿಸಿ ಹೇಳಿಕೊಳ್ಳುತ್ತಿದ್ದ, ಎಣಿಕೆ ತಪ್ಪಿದರೆ ಮೊದಲಿಂದ ಶುರು. ಕಡೆಗೆ ದೇವರ ಕೋಣೆಗೆ ಹೋಗುವುದನ್ನೇ ಬಿಟ್ಟ. ಮನೆಯವರು ಅಹಂಕಾರ ಅಂದರು. ಅದು ಗೀಳು ಕಾಯಿಲೆ. ಹದಿಹರೆಯದಲ್ಲಿ ಇದು ಶುರುವಾಗುವುದು ಸಾಮಾನ್ಯ. ದೇವರ ಬಗ್ಗೆ ತುಂಬಾ ಪ್ರೀತಿ, ಭಯ ಇರುವ ಹುಡುಗರಿಗೇ ಇಂಥ ಯೋಚನೆಗಳು ಹೆಚ್ಚು ಕಾಟ ಕೊಡುತ್ತವೆ. ಪಾಪಿ ಆದ್ದರಿಂದ ಬರುವುದಲ್ಲ ಅದು. ಇದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಬಂದ ಯೋಚನೆಯನ್ನು ಓಡಿಸದೆ, ಪ್ರಾಯಶ್ಚಿತ್ತ ಮಾಡದೆ, ಅದರ ಎದುರು ನಿಲ್ಲುವುದನ್ನು ಹಂತ ಹಂತವಾಗಿ ಕಲಿಸುತ್ತಾರೆ, ಬೇಕಾದರೆ ಔಷಧವೂ ಇದೆ. ನಿಮ್ಮ ಪತ್ರದಲ್ಲಿರುವ ಮಗನ ಮಾತಿನಲ್ಲಿ ನನಗೆ ಇದು ಕಾಣಲಿಲ್ಲ. ಆದರೂ ಒಮ್ಮೆ ಸಮಾಧಾನವಾಗಿ ಕೇಳಿ: ‘ಬೇಡ ಬೇಡ ಅಂದ್ರೂ ಯಾವ್ದಾದ್ರೂ ಯೋಚನೆ ತಲೇಲಿ ಸುತ್ತುತ್ತಾ? ಎಷ್ಟೋ ಜನಕ್ಕೆ ಹಂಗಾಗುತ್ತಂತೆ.’ ಕೈ ತೊಳೆದದ್ದನ್ನೇ ತೊಳೆಯುವುದು, ಬೀಗ ಹಾಕಿದ್ದನ್ನೇ ನೋಡುವುದು ಕಂಡರೂ ಗಮನಿಸಿ.

ಈಗ ಭಯಪಡಲೇಬೇಕಾದ ವಿಷಯಕ್ಕೆ ಬರುತ್ತೇನೆ. ಯೋಚಿಸುವ ಮೌನ ಒಂದು, ಕುಗ್ಗುವ ಮೌನ ಇನ್ನೊಂದು. ಎರಡು ವಾರಕ್ಕಿಂತ ಹೆಚ್ಚು ಕಾಲ ಊಟ ಸೇರದಿದ್ದರೆ, ನಡುರಾತ್ರಿ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿದ್ದರೆ, ಮೊದಲು ಇಷ್ಟಪಡುತ್ತಿದ್ದ ಯಾವುದೂ ಬೇಡವಾದರೆ, ಸ್ನಾನ ಬಿಟ್ಟರೆ, ಬಂಡೆಗೂ ಹೋಗದೆ ಕೋಣೆಯಲ್ಲೇ ಮಲಗಿದರೆ, ತನ್ನ ಪ್ರೀತಿಯ ವಸ್ತುಗಳನ್ನು ಕೊಟ್ಟುಬಿಡುತ್ತಿದ್ದರೆ, ‘ನಾನಿಲ್ದಿದ್ರೆ ಎಲ್ರಿಗೂ ಆರಾಮ’, ‘ತಾತನ ಹತ್ರ ಹೋಗ್ಬೇಕು’ ಅಂದರೆ ತಡ ಮಾಡಬೇಡಿ. ಯಾರಿಗೂ ಕೇಳಿಸದ ದನಿ ತನಗೆ ಕೇಳುತ್ತದೆ, ದೇವರು ತನಗೆ ಅಪ್ಪಣೆ ಕೊಡುತ್ತಿದ್ದಾನೆ, ತಾನೇ ಅವತಾರ ಎಂದು ನಿದ್ದೆಯಿಲ್ಲದೆ ಓಡಾಡಿದರೂ ಅದು ಭಕ್ತಿ ಅಲ್ಲ, ತಕ್ಷಣ ಮನೋವೈದ್ಯರಿಗೆ ತೋರಿಸಬೇಕಾದ ಸ್ಥಿತಿ. ಸಾಯುವ ಯೋಚನೆ ಬರುತ್ತಾ ಅಂತ ನೇರವಾಗಿಯೇ ಕೇಳಿ. ಕೇಳಿದರೆ ತಲೆಗೆ ಹಾಕಿದ ಹಾಗಾಗುತ್ತೆ ಅನ್ನುವುದು ಸುಳ್ಳು. ಕೇಳಿದಾಗ ಹುಡುಗರು ಉಸಿರು ಬಿಡುತ್ತಾರೆ.

ಇನ್ನೊಂದು ಕೆಲಸವನ್ನು ಇವತ್ತೇ ಮಾಡಿ. ತೋಟದ ಮನೆಯಲ್ಲಿ ಕೀಟನಾಶಕ, ಕಳೆನಾಶಕ ಇರುತ್ತದೆ ಅಲ್ವಾ? ಅದನ್ನು ಬೀಗ ಹಾಕಿ ಇಡಿ, ಬೀಗದ ಕೈ ಅವನ ಅಪ್ಪನ ಹತ್ತಿರವೇ ಇರಲಿ, ಉಳಿದಿದ್ದನ್ನು ಮನೆಯೊಳಗೆ ಇಡಬೇಡಿ. ನಿಮ್ಮ ಮಗನ ಮೇಲೆ ಅನುಮಾನದಿಂದ ಹೇಳುತ್ತಿಲ್ಲ. ಹದಿಹರೆಯದವರಿರುವ ಎಲ್ಲ ತೋಟದ ಮನೆಗೂ ಇದನ್ನೇ ಹೇಳುತ್ತೇನೆ. ಆ ವಯಸ್ಸಿನಲ್ಲಿ ಕೆಟ್ಟ ಗಳಿಗೆ ಬೇಗ ಬರುತ್ತದೆ, ಬೇಗ ಹೋಗುತ್ತದೆ. ಆ ಹೊತ್ತಿನಲ್ಲಿ ಕೈಗೆ ಏನೂ ಸಿಗಬಾರದು. 2022ರ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ವರದಿಯ ಪ್ರಕಾರ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡವರಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಮಂದಿ ಗಂಡಸರು. ಗಟ್ಟಿ ಹುಡುಗ ಎಂದು ನಾವು ಬೆನ್ನು ತಟ್ಟಿ ಕಳಿಸಿದವರು ಅವರಲ್ಲಿ ಎಷ್ಟು ಮಂದಿಯೋ.

ಸಹಾಯ ದೂರವಿಲ್ಲ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೇಡ. ನೀವೂ ಮಾಡಬಹುದು, ಮಗನೂ ಮಾಡಬಹುದು. ಈ ನಂಬರನ್ನು ಫ್ರಿಜ್ಜಿನ ಮೇಲೋ ಕ್ಯಾಲೆಂಡರಿನ ಮೇಲೋ ಬರೆದಿಡಿ, ಯಾರನ್ನೂ ಉದ್ದೇಶಿಸದೆ. ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆಯಲ್ಲಿ, ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಹಿಮ್ಸ್‌ನಲ್ಲಿ ಮನೋವೈದ್ಯರಿದ್ದಾರೆ. ತೋರಿಸಿದರೆ ಹುಚ್ಚ ಅನ್ನುತ್ತಾರೆ ಅಂತ ಹಿಂಜರಿಯಬೇಡಿ. ಸದ್ಯಕ್ಕೆ ನೀವು ಬರೆದದ್ದನ್ನು ನೋಡಿದರೆ ಅವನನ್ನು ಎಳೆದುಕೊಂಡು ಹೋಗುವ ಅವಸರ ಕಾಣುತ್ತಿಲ್ಲ. ಒಂದೆರಡು ತಿಂಗಳು ಮೇಲೆ ಹೇಳಿದಂತೆ ನಡೆದು ನೋಡಿ. ಮೌನ ಕುಗ್ಗುವ ಕಡೆ ವಾಲಿತು ಅನ್ನಿಸಿದ ದಿನ ಕಾಯಬೇಡಿ.

ಕಡೆಯದಾಗಿ ವರ್ಷದ ಕಾರ್ಯ. ಮುಂಚೆಯೇ, ಒಂದು ವಾರ ಮೊದಲು, ಅವನ ಅಪ್ಪ ಅವನನ್ನೇ ಕೇಳಲಿ: ‘ತಾತಂಗೆ ನೀನು ಏನು ಮಾಡ್ಬೇಕು ಅನ್ಸುತ್ತೆ?’ ಕೂರುತ್ತೇನೆ ಅಂದರೆ ಕೂರಲಿ, ಒಂದೊಂದು ಯಾಕೆ ಮಾಡುತ್ತೇವೆ ಎಂದು ಪುರೋಹಿತರ ಹತ್ತಿರ ಅವನು ಕೇಳಲಿ, ಅವರಿಗೂ ಮೊದಲೇ ಹೇಳಿಡಿ. ಮಂತ್ರ ಬೇಡ ಅಂದರೆ ಬೇಡ. ಅವತ್ತು ಬಂದವರಿಗೆ ಎಲೆ ಹಾಕಲಿ, ನೀರು ಬಡಿಸಲಿ. ತಾತನಿಗೆ ಇಷ್ಟವಾದ ಅಡುಗೆ ಯಾವುದು ಅಂತ ಅವನೇ ಹೇಳಲಿ. ತಾತನ ಹೆಸರಲ್ಲಿ ತೋಟದಲ್ಲಿ ಒಂದು ಗಿಡ ನೆಡುತ್ತೇನೆ ಅಂದರೆ ಅದೂ ಆಗಲಿ. ನೆಂಟರಲ್ಲಿ ಯಾರಾದರೂ ‘ಮೊಮ್ಮಗ ಯಾಕೆ ಕೂತಿಲ್ಲ’ ಅಂತ ಕೇಳೇ ಕೇಳುತ್ತಾರೆ. ಆಗ ಉತ್ತರ ಕೊಡಬೇಕಾದ್ದು ಮಗ ಅಲ್ಲ, ನೀವೂ ಅಲ್ಲ. ನಿಮ್ಮ ಯಜಮಾನರು ಅವನಿಗೆ ಕೇಳಿಸುವ ಹಾಗೆ ಹೇಳಲಿ: ‘ಅಪ್ಪಂಗೆ ಹೆಗಲು ಕೊಟ್ಟೋನು ಅವ್ನು. ಅವ್ನ ಪಾಲಿಂದು ಅವ್ನು ಮಾಡ್ತಾ ಇದಾನೆ.’